ಭಾಗೀರಥೀಬಾಯಿಯವರ ಉಲ್ಲನ್ ಅಂಗಡಿ

ನವೆಂಬರ್ ೧೮, ಮಂಗಳವಾರ

ಗಾಂಧಿ ಚೌಕದ ಭಾಗೀರಥೀಬಾಯಿಯವರು ಇವತ್ತು ಅಂಗಡಿಯನ್ನು ಕಾಯಂ ಆಗಿ ಮುಚ್ಚಿದರು. ಮಂಡಿನೋವಿನಿಂದ ಅವರಿಗೆ ನಿಲ್ಲಲು ಆಗುತ್ತಿಲ್ಲ.

ನಮ್ಮವರು ತೀರಿಕೊಂಡ ಮೇಲೆ ನಾನು ವಾರವಾರವೂ ನಮ್ಮೂರು ತಿಕೋಟಾದಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಒಂದು ಉಲ್ಲನ್ ಉಂಡೆ ಕೊಂಡು, ಸ್ಟೂಲಿನ ಮೇಲೆ ಕೂತು ಸಂಜೆಯವರೆಗೂ ಹರಟುತ್ತಿದ್ದೆ. ಹೆಣೆದದ್ದು ಕಡಿಮೆ, ಟ್ರಂಕು ತುಂಬ ಉಂಡೆಗಳೇ ಇವೆ.

ಇವತ್ತೂ ನೀಲಿ ಉಂಡೆ ಕೇಳಿದೆ. ಅವರು ನಕ್ಕರು.

"ಸಾಕ ಬಿಡವಾ ಚಂದ್ರಕಲಾ. ನೀ ಉಲ್ಲನ್ ತಗೊಳ್ಳಾಕ ಬರತಿದ್ದಿಲ್ಲ, ನನಗ ಗೊತ್ತದ. ಇನ್ನ ಮನಿಗೇ ಬಾ, ಚಹಾ ಕುಡಿಯೋಣು."

"ಬರ್ತೀನ್ರಿ" ಅಂದೆ.

ಬಸ್ಸಿನಲ್ಲಿ ಕೂತ ಮೇಲೆ ಅನ್ನಿಸಿತು: ಅಂಗಡಿಗಾದರೆ ಗಿರಾಕಿಯಾಗಿ ಹೋಗಬಹುದಿತ್ತು. ಮನೆಯಲ್ಲಿ ಬೇಜಾರು ಅಂತ ಇನ್ನೊಬ್ಬರ ಬಾಗಿಲು ಬಡಿಯುವುದು ನನಗೆ ಬರುವುದಿಲ್ಲ. ಅವರ ಮನೆ ಎಲ್ಲಿ ಅಂತಲೂ ನಾನು ಕೇಳಲಿಲ್ಲ.