ಫೆಬ್ರವರಿಯ ಬಿಟ್ಟಿ ದಿನ

ತಮ್ಮಾ,

ತಿಂಡಿ ಮುಚ್ಚಿಟ್ಟಿದ್ದೇನೆ, ತಣ್ಣಗಾಗುವ ಮೊದಲು ತಿನ್ನು.

ಇವತ್ತು ಫೆಬ್ರವರಿ ಇಪ್ಪತ್ತೊಂಬತ್ತು. ತಿಂಗಳ ಸಂಬಳದವರಿಗೆ ಇವತ್ತಿನ ದುಡಿಮೆ ಪುಕ್ಕಟೆ. ರಜೆ ಹಾಕಿದರೆ ಮಾತ್ರ ಸಂಬಳಕ್ಕೆ ಕತ್ತರಿ. ಕಳೆದ ಅಧಿಕ ವರ್ಷ ಇದೇ ದಿನ ಅಪ್ಪ, "ಬಿಟ್ಟಿ ಚಾಕರಿ ಮಾಡಿ ಬರ್ತೀನಮ್ಮಾ" ಎಂದು ನಗುತ್ತ ಹೋದವರು, ಬಾಯ್ಲರ್ ಸಿಡಿದು, ಬರಲೇ ಇಲ್ಲ. ನಿನ್ನೆ ಊಟಕ್ಕೆ ಕೂತಾಗ ನೀನೂ ಅದೇ ಮಾತು ಅಂದೆ, ಅವರದೇ ದನಿಯಲ್ಲಿ. ಅವರೇ ಬಂದು ಕೂತ ಹಾಗಿತ್ತು.

ಅದೇ ಕಾರ್ಖಾನೆಗೆ ಇವತ್ತೊಂದು ದಿನ ಹೋಗಬೇಡ. ಸಂಬಳ ಹಿಡಿದರೆ ಹಿಡಿದುಕೊಳ್ಳಲಿ. ನಿನ್ನ ಗೇಟ್ ಪಾಸ್ ಹುಡುಕಬೇಡ, ನನ್ನ ಚೀಲದಲ್ಲಿದೆ. ಸಂಜೆ ನಾನು ಬಂದಾಗ ನೀನೇ ಬಾಗಿಲು ತೆಗೆದು ಎಷ್ಟು ಬೇಕೋ ಅಷ್ಟು ಬೈ, ನಿಂತು ಕೇಳಿಸಿಕೊಳ್ಳುತ್ತೇನೆ.

ಅಕ್ಕ