ಅತ್ತೆಯ ಹಲ್ಲುಗಳನ್ನು ನಿನಗೆ ಒಪ್ಪಿಸುತ್ತ

ಲಿವರ್‌ಮೋರ್
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಸಂಯುಕ್ತಾ,

ನೀನೂ ಮನೆಯವರೂ ಆರಾಮವಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ಹುಬ್ಬಳ್ಳಿಯಲ್ಲಿ ನೀನು ಸ್ವಂತ ಕ್ಲಿನಿಕ್ ತೆರೆದ ಫೋಟೋಗಳನ್ನು ಜೂನ್ ತಿಂಗಳಲ್ಲೇ ನೋಡಿದ್ದೆ. ಒಂದು ಹೃದಯದ ಚಿತ್ರ ಕಳಿಸಿ ಸುಮ್ಮನಾದೆ. ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಅಂದೇ ಅಂದುಕೊಂಡಿದ್ದು ಇಂದಿಗೆ ಬಂತು, ಕ್ಷಮಿಸು. ಆ ಹಸಿರು ಕುರ್ಚಿ ತುಂಬ ಚಂದ ಇದೆ. ಬಾಗಿಲ ಮೇಲೆ ನಿನ್ನ ಹೆಸರು, ಅದರ ಕೆಳಗೆ ‘ಒಸಡಿನ ತಜ್ಞರು’ ಎಂದು ಬರೆಸಿದ್ದೀಯಲ್ಲ, ಅದನ್ನು ದೊಡ್ಡದು ಮಾಡಿಕೊಂಡು ಓದಿದೆ.

ಈಗ ಬರೆಯುತ್ತಿರುವುದಕ್ಕೆ ಕಾರಣ ನಿನಗೆ ಫೋನಿನಲ್ಲಿ ಅರ್ಧ ಗೊತ್ತಾಗಿದೆ. ಮಂಗಳವಾರ ಅತ್ತೆ ಇಲ್ಲಿಂದ ಹೊರಡುತ್ತಾರೆ. ಈ ಪತ್ರ, ಎಕ್ಸ್‌ರೇ ಇರುವ ಪೆನ್‌ಡ್ರೈವ್, ಮಾತ್ರೆಗಳ ವಿವರ ಎಲ್ಲ ಅವರ ಕೈಚೀಲದಲ್ಲೇ ಬರುತ್ತವೆ. ಫೋನಿನಲ್ಲಿ ಸಂಖ್ಯೆಗಳನ್ನಷ್ಟೇ ಹೇಳಿದೆ. ಉಳಿದದ್ದನ್ನೂ ನೀನು ತಿಳಿದುಕೊಂಡಿರಬೇಕು. ನೀನು ಕೆಲಸ ಮಾಡುವುದು ಬರೀ ಹಲ್ಲಿನ ಮೇಲಲ್ಲ, ನಮ್ಮ ಅತ್ತೆ ಬಂಗಾರೆವ್ವನವರ ಬಾಯಿಯಲ್ಲಿ.

ಮಾವ ಹೋದ ಮೇಲೆ ಕಿರಣಕುಮಾರ ತಾಯಿಯನ್ನು ಇಲ್ಲಿಗೆ ಕರೆತಂದು ಎರಡು ವರ್ಷವಾಯಿತು. ಬಂದ ಹೊಸದರಲ್ಲಿ ಕಟಕ ರೊಟ್ಟಿ ಮುರಿಯುವ ಸದ್ದು ಇಡೀ ಅಪಾರ್ಟ್‌ಮೆಂಟಿಗೆ ಕೇಳುತ್ತಿತ್ತು. ಮಗಳು ಶಿವಾನಿ ಅದಕ್ಕೇ ನಗುತ್ತಿದ್ದಳು. ಈ ಬೇಸಿಗೆಯಲ್ಲಿ ನೋಡುತ್ತೇನೆ, ಅತ್ತೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿ ತಿನ್ನುತ್ತಿದ್ದಾರೆ. ಇಲ್ಲಿನ ಹಿಟ್ಟು ಚೆನ್ನಾಗಿಲ್ಲ, ರೊಟ್ಟಿ ಬಿರುಸಾಗುತ್ತದೆ ಎಂದರು. ನಂಬಿದೆ. ಆಮೇಲೆ ಒಂದು ದಿನ ಗುಡ್ಡದ ಮೇಲಿನ ದೇವಸ್ಥಾನದಿಂದ ಬರುವಾಗ ಕಾರಿನ ಗಾಜು ಏರಿಸಿತ್ತು, ಅವರು ನನ್ನ ಕಡೆ ತಿರುಗಿ ಏನೋ ಹೇಳಿದರು. ಆ ವಾಸನೆ ನಿನಗೆ ಹೇಳಿ ಕೊಡಬೇಕಾಗಿಲ್ಲ. ಕಾಲೇಜಿನಲ್ಲಿ ನಾವು ರೋಗಿ ಬಾಯಿ ತೆರೆಯುವ ಮೊದಲೇ ಗುರುತಿಸುತ್ತಿದ್ದೆವಲ್ಲ, ಅದೇ.

ಮನೆಗೆ ಬಂದು ಕಿಟಕಿಯ ಬೆಳಕಿಗೆ ನಿಲ್ಲಿಸಿ ನೋಡಿದೆ. ಒಸಡು ಕೆಂಪಗೆ ಊದಿ, ಮುಟ್ಟಿದರೆ ರಕ್ತ. ಮೇಲಿನ ಎಡಗಡೆಯ ದವಡೆ ಹಲ್ಲು ಬೆರಳಿಗೆ ಅಲ್ಲಾಡಿತು.

“ಎಷ್ಟು ದಿನದಿಂದ ಹೀಗಿದೆ ಅತ್ತೆ? ಹೇಳೋದಲ್ವಾ ನನಗೆ?”

“ಏನಂತ ಹೇಳ್ಲಿ? ನಿನ್ನ ಗಂಡನ ಕೆಲಸ ಹೋಗಿತ್ತು. ಅದ್ರಾಗ ನಂದೊಂದ ಹಲ್ಲಿನ ಸುದ್ದಿ.”

ನಿಜ, ಮೆನ್ಲೋ ಪಾರ್ಕಿನ ಕೆಲಸ ಫೆಬ್ರುವರಿಯಲ್ಲಿ ಹೋಯಿತು. ಈಗ ಸಿಕ್ಕಿರುವುದು ಕಾಂಟ್ರ್ಯಾಕ್ಟು, ಸಂಬಳವೂ ಕಡಿಮೆ. ಕಿರಣ ಮನೆಯಲ್ಲಿ ಆ ವಿಷಯ ಎತ್ತುವುದಿಲ್ಲ, ಆದರೆ ಅತ್ತೆಗೆ ಗೊತ್ತಾಗದ್ದು ಯಾವುದಿದೆ?

ಮರುವಾರ ನಾನು ಕೆಲಸ ಮಾಡುವ ಕ್ಲಿನಿಕ್ಕಿಗೇ ಕರೆದುಕೊಂಡು ಹೋದೆ. ಒಳಗೆ ಬಂದವರು ಸುತ್ತ ನೋಡಿ, “ನಿನ್ನ ಖೋಲಿ ಯಾವುದ?” ಎಂದರು. ಮುಂದಿನ ಕೌಂಟರ್ ತೋರಿಸಿದೆ. ಆಗಲೇ ಒಬ್ಬರು ಕಾರ್ಡ್ ಹಿಡಿದು ನಿಂತಿದ್ದರು. ಅವರ ಬಿಲ್ ಮುಗಿಸಿ ತಿರುಗಿದರೆ ಅತ್ತೆ ಮೂಲೆಯ ಸೋಫಾದಲ್ಲಿ ಸೆರಗು ಹೊದ್ದು ಕುಳಿತಿದ್ದರು.

ಅವರು ಹೆದರಬಾರದೆಂದು ಡಾಕ್ಟರು ನನ್ನನ್ನೂ ಒಳಗೆ ಕರೆದರು. ಹಲ್ಲಿಗೂ ಒಸಡಿಗೂ ನಡುವೆ ಎಷ್ಟು ಆಳ ಬಿಟ್ಟಿದೆಯೆಂದು ಹೈಜೀನಿಸ್ಟ್ ಹುಡುಗಿ ಕಡ್ಡಿಯಿಂದ ಅಳೆಯುತ್ತ ಅಂಕಿ ಹೇಳುತ್ತಿದ್ದಳು, ನಾನು ಕಂಪ್ಯೂಟರಿನಲ್ಲಿ ತುಂಬುತ್ತಿದ್ದೆ. ಕಾಲೇಜಿನಲ್ಲಿ ಮೂರು ಮಿಲಿಮೀಟರಿಗಿಂತ ಹೆಚ್ಚಾದರೆ ನಾವು ಹುಬ್ಬು ಗಂಟಿಕ್ಕುತ್ತಿದ್ದೆವು. ಇಲ್ಲಿ ಆರು, ಏಳು, ಮತ್ತೆ ಏಳು. ಅವಳ ಬಾಯಿಂದ ಅಂಕಿ ಬರುವ ಮುಂಚೆ ಒಸಡಿನ ಬಣ್ಣ ನೋಡಿಯೇ ನನ್ನ ಬೆರಳು ಆ ಕೀಲಿಯ ಮೇಲೆ ಹೋಗುತ್ತಿತ್ತು.

ಆಮೇಲೆ ನನ್ನ ಕೆಲಸ ಶುರುವಾಯಿತು. ಖರ್ಚಿನ ಅಂದಾಜು ಮುದ್ರಿಸಿ, ರೋಗಿಯನ್ನು ಪಕ್ಕದ ಪುಟ್ಟ ಕೋಣೆಯಲ್ಲಿ ಕೂರಿಸಿಕೊಂಡು ವಿವರಿಸುವುದು. ದಿನವೂ ಮಾಡುತ್ತೇನೆ. ದನಿ ಎಲ್ಲಿ ತಗ್ಗಿಸಬೇಕು, ಮೊತ್ತ ಹೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನೂ ಕಲಿಸಿದ್ದಾರೆ. ಅದನ್ನೇ ಅತ್ತೆಗೆ ಕನ್ನಡದಲ್ಲಿ ಹೇಳುತ್ತ, ಹಾಳೆಯ ಒಂದೊಂದು ಸಾಲಿನ ಮೇಲೂ ಬೆರಳಿಟ್ಟೆ. ಬಾಯಿಯ ನಾಲ್ಕೂ ಭಾಗಕ್ಕೆ ಡೀಪ್ ಕ್ಲೀನಿಂಗ್, ಆಮೇಲೆ ಮೂರು ಕಡೆ ಒಸಡು ಬಿಡಿಸಿ ಸರ್ಜರಿ, ಮೂಳೆ ಕರಗಿದ ಕಡೆ ಮೂಳೆಪುಡಿ ತುಂಬುವುದು, ಮೂರು ತಿಂಗಳಿಗೊಮ್ಮೆ ಮತ್ತೆ ಕ್ಲೀನಿಂಗ್. ಸಿಬ್ಬಂದಿಯ ರಿಯಾಯಿತಿ ಕಳೆದೂ ಹತ್ತು ಸಾವಿರ ಡಾಲರಿನ ಮೇಲೆ. ಅವರ ಹೆಸರಿನಲ್ಲಿ ಈಚೆಗಷ್ಟೇ ಮಾಡಿಸಿದ ಹಲ್ಲಿನ ಇನ್ಶೂರೆನ್ಸು ಮೊದಲ ವರ್ಷ ಇಂಥದ್ದಕ್ಕೆ ಏನೂ ಕೊಡುವುದಿಲ್ಲ. ಮುಂದೆ ಕೊಟ್ಟರೂ ವರ್ಷಕ್ಕೆ ಸಾವಿರದೈನೂರು, ಅಷ್ಟೇ.

ಅತ್ತೆ ಹಾಳೆಯನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು.

“ಎಲ್ಲಾ ಕೀಳಾಕ ಎಷ್ಟ?”

“ಅದು ಕಡಿಮೆ ಆಗುತ್ತೆ. ಆದ್ರೆ ಅತ್ತೆ...”

“ಹಂಗಾರ ಕಿತ್ತ ಒಗೀರಿ.”

ಮನೆಗೆ ಬರುವಾಗ ಫ್ರೀವೇ ಪಕ್ಕದ ಒಣಗಿದ ಗುಡ್ಡಗಳನ್ನೇ ನೋಡುತ್ತ ಕುಳಿತಿದ್ದರು. ಹಣದ ಆಘಾತ ಎಂದುಕೊಂಡೆ. ಕೀಳುವುದು ಅಗ್ಗ, ಉಳಿಸುವುದು ತುಟ್ಟಿ ಎನ್ನುವುದನ್ನು ನಾನು ಬೇರೆಯವರಿಗೆ ಹೇಳುವಾಗ ಇಷ್ಟು ಚುಚ್ಚಿರಲಿಲ್ಲ. ಎಷ್ಟೋ ಜನ ಆ ಪುಟ್ಟ ಕೋಣೆಯಿಂದ ‘ಯೋಚಿಸಿ ಹೇಳುತ್ತೇವೆ’ ಎಂದು ಎದ್ದು ಹೋಗಿ, ವರ್ಷ ಕಳೆದು ಕೀಳಿಸಲು ಬರುತ್ತಾರೆ.

ಕಿರಣ ಸಂಜೆ ತಾಯಿಯ ಪಕ್ಕ ಕುಳಿತು ಒಲಿಸಲು ನೋಡಿದ.

“ಅವ್ವಾ, ರೊಕ್ಕದ್ದು ನೀ ಯಾಕ ವಿಚಾರ ಮಾಡ್ತಿ? ಮಂತ್ಲಿ ಇನ್‌ಸ್ಟಾಲ್‌ಮೆಂಟು ಅದ.”

“ಬಡ್ಡಿ?”

“ಮೊದಲನೇ ವರ್ಷ ಇಲ್ಲ.”

“ಆಮ್ಯಾಲೆ?”

ಶಿವಾನಿ ಅಜ್ಜಿಯ ಗದ್ದ ಹಿಡಿದು, “ಅಜ್ಜಿ, ಡಸ್ ಇಟ್ ಹರ್ಟ್?” ಎಂದು ಕೇಳಿದಳು. “ಇಲ್ಲವಾ, ಏನೂ ಆಗಿಲ್ಲ” ಎಂದು ಅವಳ ತಲೆ ಸವರಿ ಒಳಗೆ ಹೋದರು.

ಆಮೇಲಿನ ಶನಿವಾರ ನಡೆದದ್ದನ್ನು ನಿನಗೆ ಹೇಳಲೇಬೇಕು. ಕಿರಣ ಮಗಳನ್ನು ಈಜಿಗೆ ಕರೆದುಕೊಂಡು ಹೋಗಿದ್ದ. ನಾನು ಗ್ರೋಸರಿ ತಂದು ಬಾಗಿಲು ತೆರೆದರೆ ಅತ್ತೆ ಊಟದ ಕುರ್ಚಿಯನ್ನು ಕಿಟಕಿಯ ಬಳಿ ಎಳೆದುಕೊಂಡು, ಕುತ್ತಿಗೆಗೆ ಟವೆಲ್ ಕಟ್ಟಿಕೊಂಡು ಕುಳಿತಿದ್ದರು. ಬಾಯಿ ಮುಕ್ಕಳಿಸಿದ್ದರು, ತಲೆಗೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿದ್ದರು.

“ನೀನ ಮಾಡು,” ಅಂದರು.

“ಏನು ಮಾಡಲಿ?”

“ಅವ್ರು ಮಾಡೂದೆಲ್ಲಾ ನೀ ಕಲತದ್ದ ಹೌದಲ್ಲೋ? ನಿನ್ನ ಸಾಮಾನ ಅದಾವು, ಕಪಾಟಿನ್ಯಾಗ ನೋಡೇನಿ. ನಾ ಅಳ್ಳಾಡೂದಿಲ್ಲ.”

“ಇಲ್ಲಿ ನನಗೆ ಲೈಸೆನ್ಸ್ ಇಲ್ಲ ಅತ್ತೆ.”

“ನಮ್ಮ ಮನ್ಯಾಗ ಯಾರ ನೋಡ್ತಾರ?”

“ನೋಡೋ ಪ್ರಶ್ನೆ ಅಲ್ಲ. ಅಷ್ಟು ಆಳಕ್ಕೆ ಹೋಗ್ಬೇಕಂದ್ರೆ ಮರಗಟ್ಟಿಸೋ ಇಂಜೆಕ್ಷನ್ ಬೇಕು. ನಿಮಗೆ ಶುಗರ್ ಇದೆ. ನಂಜಾದ್ರೆ ಏನು ಗತಿ?”

ಅವರು ಬಾಯಿ ತೆರೆದುಕೊಂಡು ಸ್ವಲ್ಪ ಹೊತ್ತು ಕಾದರು, ಸಂಯುಕ್ತಾ. ನಾನು ಮನಸ್ಸು ಬದಲಿಸಬಹುದೆಂದು. ಆಮೇಲೆ ಟವೆಲ್ ಬಿಚ್ಚಿ, ಮಡಿಚಿ, ಕುರ್ಚಿಯ ಬೆನ್ನಿಗೆ ಹಾಕಿ, “ಆತ ಬಿಡು” ಎಂದರು. ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೂ ಸಿಟ್ಟು ಬಂತು. ನಾಲ್ಕು ಕಾಸು ಉಳಿಸಲು ಜೀವವನ್ನೇ ಪಣಕ್ಕಿಡುತ್ತಾರಲ್ಲ ಎಂದು ಕಿರಣನ ಮುಂದೆ ಕೂಗಾಡಿದೆ.

ಆಗಲೇ ನಿನಗೆ ಫೋನ್ ಮಾಡಿದ್ದು. ನೀನು ಹೇಳಿದ ಅಂದಾಜಿಗೆ ವಿಮಾನದ ಟಿಕೆಟ್ಟು ಕೂಡಿಸಿದರೂ ಇಲ್ಲಿನ ಮೂರರಲ್ಲೊಂದು ಪಾಲು ಆಗುವುದಿಲ್ಲ. ಊರಿಗೆ ಹೋಗಿ ಮಾಡಿಸಿಕೊಳ್ಳಿ ಎಂದಾಗ ಅತ್ತೆ ತಕ್ಷಣ ಒಪ್ಪಿದರು. ಆ ಒಪ್ಪಿಗೆಯೇ ನನ್ನನ್ನು ಹೆದರಿಸುತ್ತಿದೆ. ಶಿವಾನಿ ಶಾಲೆಯಿಂದ ಬಂದರೆ ಬಾಗಿಲು ತೆರೆಯುವವರು ಅವರು. ಯಾವಾಗ ವಾಪಸು ಬರುತ್ತೀರಿ ಎಂದರೆ, “ಬಾಯಿ ನೆಟ್ಟಗಾಗ್ಲಿ ಮೊದಲ” ಎನ್ನುತ್ತಾರೆ.

ಅಲ್ಲಿ ನಾದಿನಿ ದೀಪಾಲಿಯ ಮನೆಯಲ್ಲಿ ಇರುತ್ತಾರೆ. ನಿನ್ನ ಕ್ಲಿನಿಕ್ಕಿಗೆ ಅವಳೇ ಕರೆತರುತ್ತಾಳೆ. ಮೇಲಿನ ಎಡಗಡೆಯ ಆ ಹಲ್ಲು ಉಳಿಯಲಾರದು, ನೀನೂ ಎಕ್ಸ್‌ರೇ ನೋಡಿದರೆ ಅದನ್ನೇ ಹೇಳುತ್ತೀಯ. ಉಳಿದವುಗಳನ್ನು ಕೈಬಿಡಬೇಡ. ಕೆಳಗಿನ ಬಲಗಡೆ ಅಷ್ಟೇನೂ ಕೆಟ್ಟಿಲ್ಲ. ಶುಗರ್ ಸ್ವಲ್ಪ ಇಳಿಯುವವರೆಗೆ ಸರ್ಜರಿಗೆ ಕೈ ಹಾಕಬೇಡ. ನೋವಾದರೆ ಅವರು ಹೇಳುವುದಿಲ್ಲ. ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಳ್ಳುತ್ತಾರೆ, ಅದನ್ನು ನೋಡುತ್ತಿರು. ಮತ್ತೆ ಇನ್ನೊಂದು, ಕೀಳಬೇಕು ಎನ್ನುವುದನ್ನು ಮೊದಲೇ ಹೇಳಬೇಡ. ಯಾವ ಯಾವ ಹಲ್ಲು ಉಳಿಯುತ್ತವೆ ಎಂದು ಮೊದಲು ಹೇಳು.

ಕ್ಲಿನಿಕ್ ಬೆಳೆಯಲಿ, ನಿನ್ನ ಕೈಗೆ ಒಳ್ಳೆಯ ಹೆಸರು ಬರಲಿ, ನಿನ್ನ ಮಗ ಸುಧನ್ವನ ಪರೀಕ್ಷೆಗಳು ಚೆನ್ನಾಗಿ ನಡೆಯಲಿ. ಅವನಿಗೆ ಈ ಚಿಕ್ಕಮ್ಮನ ನೆನಪು ಹೇಳು. ಹಿರಿಯರಿಗೆಲ್ಲ ನನ್ನ ನಮಸ್ಕಾರ.

ನಿನ್ನ
ಮಾಧುರಿ

ತಾ.ಕ.

ಮಂಗಳವಾರ ಬೆಳಿಗ್ಗೆ. ಅಂಟಿಸಿದ ಕವರನ್ನು ಹರಿದು ಮತ್ತೆ ಬರೆಯುತ್ತಿದ್ದೇನೆ. ಕಿರಣ ಕೆಳಗೆ ಕಾರಿಗೆ ಸೂಟ್‌ಕೇಸು ಹಾಕುತ್ತಿದ್ದಾನೆ.

ಈಗಷ್ಟೇ ಅತ್ತೆಗೆ ತಲೆ ಬಾಚಿ ಹೆಣೆಯುತ್ತಿದ್ದೆ. ಕನ್ನಡಿ ಇರಲಿಲ್ಲ, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಅದಕ್ಕೇ ಹೇಳಿದರೋ ಏನೋ.

“ನಾ ಅವತ್ತ ರೊಕ್ಕ ಉಳೀತದಂತ ಕೇಳಿದ್ದಿಲ್ಲವಾ.”

ಏನೆಂದು ನನಗೆ ತಕ್ಷಣ ಹೊಳೆಯಲಿಲ್ಲ.

“ಎರಡ ವರ್ಷ ನೀ ಆ ನೀಲಿ ಅಂಗಿ ಹಾಕ್ಕೊಂಡ ಹೋಗೂದ ನೋಡಿ, ನಮ್ಮ ಸೊಸಿ ಅಲ್ಲಿ ಡಾಕ್ಟರ್ ಅಂತ ತಿಳ್ಕೊಂಡಿದ್ದೆ. ಊರಾಗ ಎಲ್ಲಾರಿಗೂ ಹಂಗ ಹೇಳೇನಿ. ಅಲ್ಲಿ ಬಂದ ನೋಡಿದ್ರ ನೀ ರೊಕ್ಕ ಇಸಗೊಳ್ಳಾಕ ಕುಂತಿ. ಈ ದೇಶದವ್ರು ತಮ್ಮ ಮಂದಿ ಬಾಯಿ ಮುಟ್ಟಾಕ ನಿನ್ನ ಬಿಡದಿದ್ರ ಬಿಡವಲ್ರು. ನನ್ನ ಬಾಯಿ ನಂದಲ್ಲೇನ? ಇಷ್ಟ ಕಲತ ಕೈ ಒಮ್ಮೆರ ಆ ಕೆಲಸ ಮಾಡ್ಲಿ ಅಂತ ಕುರ್ಚಿ ಹಾಕ್ಕೊಂಡ ಕುಂತಿದ್ದೆ.”

ಜಡೆ ಕೈಯಲ್ಲಿ ಬಿಚ್ಚಿಹೋಯಿತು, ಮತ್ತೆ ಮೊದಲಿನಿಂದ ಹೆಣೆದೆ. ಆಗ ಅವರು ಹಿಂದಕ್ಕೆ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದು, “ಅಂಜಬ್ಯಾಡ. ನಾ ಊರಾಗ ಯಾರ ಮುಂದೂ ಹೇಳೂದಿಲ್ಲ” ಎಂದರು.

ಇಲ್ಲಿಗೆ ಬಂದ ಹನ್ನೊಂದು ವರ್ಷದಲ್ಲಿ ಯಾರೂ ನನ್ನನ್ನು ಆ ಕೆಲಸ ಮಾಡು ಎಂದು ಕೇಳಿರಲಿಲ್ಲ, ಸಂಯುಕ್ತಾ. ಮೊದಲು ಕೆಲಸ ಮಾಡುವ ವೀಸಾ ಇರಲಿಲ್ಲ, ಆಮೇಲೆ ಶಿವಾನಿ ಹುಟ್ಟಿದಳು, ಆಮೇಲೆ ಇಲ್ಲಿನ ಲೈಸೆನ್ಸಿಗೆ ಬೇಕಾದ ಎರಡು ವರ್ಷದ ಕೋರ್ಸಿನ ಫೀಸು ಕೇಳಿ ಕಿರಣನೂ ನಾನೂ ಆ ಮಾತನ್ನೇ ಬಿಟ್ಟೆವು. ಕೇಳಿದವರು ಒಬ್ಬರೇ. ಅವರಿಗೆ ಕಾನೂನು ಹೇಳಿ ಕಳಿಸಿದೆ. ನಾನು ಹೇಳಿದ್ದು ಸರಿಯಾಗಿಯೇ ಇತ್ತು, ಅದರಿಂದ ಸಮಾಧಾನ ಮಾತ್ರ ಇಲ್ಲ.

ಅಲ್ಲಿ ದಂತವೈದ್ಯೆ ಎಂಬ ನನ್ನ ನೋಂದಣಿಯನ್ನು ಪ್ರತಿ ಸಲವೂ ನವೀಕರಿಸುತ್ತಲೇ ಬಂದಿದ್ದೇನೆ. ಯಾಕೆ ಎಂದು ಕಿರಣ ಕೇಳಿದರೆ ಸುಮ್ಮನೆ ಎನ್ನುತ್ತಿದ್ದೆ. ನಿನ್ನಲ್ಲಿ ಒಂದೇ ಬೇಡಿಕೆ. ಕೆಳಗಿನ ಬಲಗಡೆಯನ್ನು ನೀನು ಮಾಡಬೇಡ, ಅದು ಡಿಸೆಂಬರಿನವರೆಗೆ ಕಾಯಬಲ್ಲದು. ಶಿವಾನಿಯ ರಜೆಗೆ ನಾವು ಬರುತ್ತೇವೆ. ಆ ಹಸಿರು ಕುರ್ಚಿಯನ್ನು ನನಗೆ ಒಂದು ಮಧ್ಯಾಹ್ನ ಬಿಟ್ಟುಕೊಡು. ನನ್ನ ಕೈಗೆ ಇನ್ನೂ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ, ನೀನು ಪಕ್ಕದಲ್ಲೇ ನಿಂತಿರು.