ಹದಿನಾಲ್ಕನೆಯ ಮಗು

ಶುಕ್ರವಾರ, ಮಧ್ಯಾಹ್ನ
ತಾರೀಖು ಹದಿನೆಂಟು

ನನ್ನ ತಂಗಿಯಂಥ ಓರಗಿತ್ತಿಗೆ,

‘ತಂಗಿಯಂಥ’ ಎಂಬುದನ್ನು ಓದಿ ಹುಬ್ಬೇರಿಸಿರುತ್ತೀಯ. ಏರಿಸು. ನಾಲ್ಕು ವರ್ಷ ಮಾತು ಬಿಟ್ಟವಳು ಒಮ್ಮೆಲೇ ತಂಗಿ ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಎರಡು ಬೀದಿ ಆಚೆ ಇರುವವಳಿಗೆ ಕಾಗದವೇಕೆ, ನಡೆದು ಬರಬಾರದೆ ಎಂದೂ ಕೇಳಬಹುದು. ಬಂದರೆ ಬಾಗಿಲಲ್ಲೇ ನಾನೊಂದು ಅನ್ನುತ್ತೇನೆ, ನೀನೊಂದು ಅನ್ನುತ್ತೀಯ, ಹೇಳಬೇಕಾದದ್ದು ಹಾಗೆಯೇ ಉಳಿಯುತ್ತದೆ. ಕಾಗದಕ್ಕೆ ಎದುರುತ್ತರ ಕೊಡಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೈ ಹೇಗಿದೆ? ಕಟ್ಟು ಇನ್ನೂ ಐದು ವಾರ ಇರಬೇಕಂತೆ. ಸೊಸೆ ಫೋನಿನಲ್ಲಿ ಮಗನಿಗೆ ಹೇಳುತ್ತಿದ್ದುದು ಕೇಳಿಸಿತು. ಅವಳು ದಿನಾ ನಿನ್ನ ಮನೆಗೆ ಬರುವುದು ನನಗೆ ಗೊತ್ತಿಲ್ಲ ಎಂದು ತಿಳಿದುಕೊಂಡಿದ್ದಾಳೆ. ಹಾಗೆಯೇ ತಿಳಿದಿರಲಿ, ನೀನೂ ಹೇಳಬೇಡ. ಕೆಮ್ಮು ಕಡಿಮೆಯಾಯಿತೇ? ರಾತ್ರಿ ತಲೆಯ ಕೆಳಗೆ ಎರಡು ದಿಂಬು ಇಟ್ಟುಕೋ.

ಈಗ ವಿಷಯ. ಆ ಮಂಗಳವಾರ ನಾನು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬರುತ್ತಿದ್ದೆ. ಔಷಧದ ಅಂಗಡಿಯ ಮುಂದೆ ನೀನು ಆಯಾ ಆಗಿರುವ ಸ್ಕೂಲ್ ಬಸ್ಸು ನಿಂತಿತ್ತು. ಮೊಮ್ಮಗ ಕಿಟಕಿಯಿಂದ ನನ್ನನ್ನು ಕೂಗಿದ. ಹೇಗೂ ನಾನೂ ಮನೆಗೇ ಹೋಗುವವಳು, ಜೊತೆಗೇ ಕರೆದುಕೊಂಡು ಹೋಗೋಣ ಎನಿಸಿತು. ನೀನು ಅಲ್ಲೆಲ್ಲೂ ಕಾಣಲಿಲ್ಲ. ಡ್ರೈವರನಿಗೆ ಹೇಳಿದೆ. ‘ಆಯಮ್ಮಂಗೆ ಒಂದ್ ಮಾತು ಹೇಳ್ಬಿಡಿ ಅಮ್ಮಾ’ ಎಂದ. ‘ನೀನೇ ಹೇಳಯ್ಯಾ, ನಿನಗೇನು ಬಾಯಿಲ್ವಾ?’ ಎಂದು ಮಗುವಿನ ಕೈ ಹಿಡಿದು ಇಳಿಸಿಕೊಂಡೆ. ಹಿಂದಿನಿಂದ ಲಾರಿಯವನೊಬ್ಬ ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ. ಆ ಗಲಾಟೆಯಲ್ಲಿ ಡ್ರೈವರ್ ಮರೆತ.

‘ನೀನು ಕಾಣಲಿಲ್ಲ’ ಎಂದು ಬರೆದೆನಲ್ಲ, ಅದು ಸುಳ್ಳು. ಹೊಡೆದು ಹಾಕಿದರೆ ಕಾಗದ ಗಲೀಜಾಗುತ್ತದೆ, ಇಲ್ಲೇ ತಿದ್ದುತ್ತೇನೆ. ನಿನ್ನನ್ನು ಚೆನ್ನಾಗಿಯೇ ನೋಡಿದೆ. ನೀನು ರಸ್ತೆಯ ಆಚೆ ಒಂದು ಗೇಟಿನ ಮುಂದೆ ಬಗ್ಗಿ, ಯಾವುದೋ ಹುಡುಗಿಯ ಶೂ ಲೇಸು ಕಟ್ಟುತ್ತಿದ್ದೆ. ನೀನು ಎದ್ದು ತಿರುಗುವುದರೊಳಗೆ ಹೋಗಿಬಿಡಬೇಕೆಂದು ಮಗುವನ್ನು ಎಳೆದುಕೊಂಡು ಪಕ್ಕದ ಓಣಿಗೆ ನುಗ್ಗಿದೆ. ತಿರುಗಿದರೆ ನಿನ್ನೊಡನೆ ಒಂದು ಮಾತು ಆಡಬೇಕಾಗುತ್ತಿತ್ತು. ಅಷ್ಟೇ ಕಾರಣ, ಬೇರೇನೂ ಅಲ್ಲ.

ಮೈದುನ ಹೋದ ಮೇಲೆ ನೀನು ಬಸ್ಸಿನ ಆಯಾ ಆಗುತ್ತೇನೆ ಎಂದು ಬಂದು ಹೇಳಿದ ದಿನ, ನಮ್ಮ ಮನೆಯವರು ಕಂಡವರ ಮಕ್ಕಳ ಮೂಗು ಒರೆಸೋದಿಲ್ಲ ಎಂದು ನಾನು ಅಂದಿದ್ದೆ. ‘ಒರೆಸಿದ್ರೆ ಕೈಯೇನೂ ಸವೆಯಲ್ಲ ಅಕ್ಕಾ’ ಎಂದು ನೀನು ಹೊರಟುಹೋದೆ. ಆಮೇಲೆ ನನ್ನ ಮೊಮ್ಮಗನೇ ನಿನ್ನ ಬಸ್ಸು ಹತ್ತಿದ. ಒಂದು ವರ್ಷದಿಂದ ದಿನಾ ಬೆಳಿಗ್ಗೆ ಮೊದಲು ಬ್ಯಾಗು, ಆಮೇಲೆ ಮಗು ಎಂದು ನಿನ್ನ ಕೈಗೆ ಕೊಟ್ಟಿದ್ದೇನೆ. ನಿನ್ನ ಮುಖ ಮಾತ್ರ ನೋಡಿಲ್ಲ.

ಉಳಿದದ್ದನ್ನು, ತಾನು ಕಂಡದ್ದನ್ನೂ ಅಲ್ಲಿದ್ದವರಿಂದ ಕೇಳಿದ್ದನ್ನೂ ಸೇರಿಸಿ, ಡ್ರೈವರ್ ಹೇಳಿದ. ನೀನು ಬಸ್ಸು ಹತ್ತಿ ಇನ್ನೂ ತಲೆ ಎಣಿಸಿರಲಿಲ್ಲವಂತೆ, ಅಷ್ಟರಲ್ಲಿ ಮುಂದಿನಿಂದ ಹೊಗೆ. ಮುಂಬಾಗಿಲ ಕಡೆ ಹೋಗುವಂತೆಯೇ ಇರಲಿಲ್ಲವಂತೆ. ನೀನು ಕಿರುಚಲಿಲ್ಲವಂತೆ. ಬೆಂಕಿ ಬಿದ್ದರೆ ಇಳಿಯುವುದನ್ನು ಕಲಿಸಲು ತಿಂಗಳಿಗೊಮ್ಮೆ ಆಡಿಸುವ ಆಟದ ಧ್ವನಿಯಲ್ಲೇ ‘ಬ್ಯಾಗು ಬಿಡಿ, ಕೈ ಹಿಡಿ’ ಎಂದೆಯಂತೆ. ದೊಡ್ಡವರು ಚಿಕ್ಕವರ ಕೈ ಹಿಡಿದು ಹಿಂದಿನ ತುರ್ತು ಬಾಗಿಲಿಗೆ ಬಂದರಂತೆ. ಒಬ್ಬೊಬ್ಬರನ್ನೇ ಎತ್ತಿ ಇಳಿಸಿ, ಹೊಗೆ ಹೋಗುವ ದಿಕ್ಕು ಬಿಟ್ಟು, ದೂರದ ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ಕೂರಿಸಿದೆಯಂತೆ. ಹೊಲಿಗೆ ಅಂಗಡಿಯ ಹೆಂಗಸನ್ನು ಕರೆದು ‘ಇದ್ರಲ್ಲಿ ಒಬ್ರೂ ಏಳಬಾರ್ದು, ನೋಡ್ಕೊಳ್ಳಿ’ ಎಂದೆಯಂತೆ. ಇದೇ ಆಟವನ್ನು ಮೊಮ್ಮಗ ಮನೆಯಲ್ಲಿ ದಿಂಬು ಸಾಲಾಗಿಟ್ಟು ಆಡಿದಾಗ, ‘ಸ್ಕೂಲಲ್ಲಿ ಕಲಿಸೋದು ಇದೇನಾ?’ ಎಂದು ಗದರಿದವಳು ನಾನು.

ಆಮೇಲೆ ನೀನು ಎಣಿಸಿದೆ. ಹದಿಮೂರು. ಪಟ್ಟಿಯಲ್ಲಿ ಹದಿನಾಲ್ಕು.

ಹೆದರಿದ ಮಕ್ಕಳು ಓಡುವುದಿಲ್ಲ, ಅವಿತುಕೊಳ್ಳುತ್ತಾರೆ ಎಂದು ಹೇಳಿ ಒಳಗೆ ಹೋದೆಯಂತೆ. ಸೆರಗು ಮೂಗಿಗೆ ಒತ್ತಿ, ನೆಲದ ಮೇಲೆ ತೆವಳುತ್ತ, ಒಂದೊಂದು ಸೀಟಿನ ಕೆಳಗೂ ಕೈ ಆಡಿಸುತ್ತ, ನನ್ನ ಮೊಮ್ಮಗನ ಹೆಸರು ಕೂಗುತ್ತ. ಸಿಗಲಿಲ್ಲವೆಂದು ಹೊರಗೆ ಬಂದು ಉಸಿರು ತೆಗೆದುಕೊಂಡು ಇನ್ನೊಮ್ಮೆ ಹೋದೆಯಂತೆ. ಎರಡನೆಯ ಸಲ ಕಣ್ಣು ಕಾಣದೆ ಹಿಂಬಾಗಿಲಿಂದ ಕೆಳಗೆ ಬಿದ್ದೆ. ಅತ್ತ ಎಂಜಿನ್ನಿಗೆ ಬೆಂಕಿ ಆರಿಸುವ ಸಿಲಿಂಡರ್ ಹೊಡೆಯುತ್ತಿದ್ದ ಡ್ರೈವರನಿಗೆ ನಿನ್ನ ಕೂಗು ಆಗಲೇ ಕೇಳಿಸಿದ್ದು. ‘ಆ ಮಗು ಅಜ್ಜಿ ಜೊತೆ ಹೋಯ್ತು ಆಯಮ್ಮಾ!’ ಎಂದು ಓಡಿ ಬಂದರೆ, ನೀನು ಮುರಿದ ಕೈ ಹಿಡಿದುಕೊಂಡು ‘ಕಣ್ಣಾರೆ ನೋಡಿದ್ಯಾ? ನಿಜವಾಗ್ಲೂ?’ ಎಂದು ಮೂರು ಸಲ ಕೇಳಿದೆಯಂತೆ. ಬೈಯಲಿಲ್ಲವಂತೆ. ಅತ್ತುಬಿಟ್ಟೆಯಂತೆ.

ಸ್ಕೂಲಿನ ವಿಚಾರಣೆಯಲ್ಲಿ ನೀನು ‘ಡ್ರೈವರ್ ಹೇಳಿದ್ರು, ನಾನೇ ಮರೆತೆ’ ಎಂದು ಬರೆದುಕೊಟ್ಟೆ. ಅವನ ಕೆಲಸ ಉಳಿಯಿತು, ನನ್ನ ಮಾನ ಉಳಿಯಿತು. ನಿನಗೆ ಮನೆಯಲ್ಲೇ ಇರಿ, ಮುಂದೆ ತಿಳಿಸುತ್ತೇವೆ ಎಂದರು. ನಮ್ಮ ಮನೆಯಲ್ಲಿ ಮಗ ಊಟದ ಮುಂದೆ ಕೂತು ‘ಚಿಕ್ಕಮ್ಮ ಅದ್ಹೇಗೆ ಮರೆತ್ರಮ್ಮಾ?’ ಎಂದ. ನಾನು ಅನ್ನ ಕಲಸುತ್ತಾ ಕೂತೆ. ಮೂರನೆಯ ದಿನ ಡ್ರೈವರ್ ಬಂದು ನಡೆದದ್ದನ್ನೆಲ್ಲ ಹೇಳಿ, ‘ತಪ್ಪು ನಂದು, ನಿಮ್ದು. ಆಯಮ್ಮಂದಲ್ಲ. ಬನ್ನಿ, ಇಬ್ರೂ ಹೋಗಿ ಹೇಳೋಣ’ ಎಂದ. ಹಿರಿಯರ ಜೊತೆ ಹೀಗಾ ಮಾತಾಡೋದು ಎಂದು ಅವನ ಮುಖದ ಮೇಲೆ ಬಾಗಿಲು ಹಾಕಿದೆ. ಆಮೇಲೂ ಆರು ದಿನ ಸುಮ್ಮನಿದ್ದೆ. ಹೇಳಿಕೊಳ್ಳುವಂಥದ್ದಲ್ಲ, ಆದರೂ ಹೇಳುತ್ತಿದ್ದೇನೆ.

ನಿನ್ನೆ ಸ್ಕೂಲಿಗೆ ಹೋದೆ. ಡ್ರೈವರನನ್ನೂ ಕರೆದುಕೊಂಡೇ ಹೋದೆ. ಮಕ್ಕಳ ಬೆಂಚಿನ ಮೇಲೆ ಎರಡು ಗಂಟೆ ಕಾಯಿಸಿದರು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಹೆಡ್ ಮೇಡಂಗೆ ಎಲ್ಲ ಹೇಳಿದೆ. ‘ತಾನೇ ಮರೆತೆ ಅಂತ ಆಯಾ ಸಹಿ ಹಾಕಿದ್ದಾರಲ್ಲ’ ಎಂದರು. ಅವಳು ಸುಳ್ಳು ಹೇಳಿದಾಳೆ ಎಂದೆ. ‘ನಿಮಗ್ಯಾಕೆ ಅವರ ಮೇಲೆ ಇಷ್ಟು ಕಾಳಜಿ? ಅವರು ನಿಮಗೇನಾಗ್ಬೇಕು?’ ಎಂದರು. ‘ತಂಗಿ’ ಎಂದೆ. ಮನೆಯಿಂದ ಯೋಚಿಸಿಕೊಂಡು ಹೋದ ಮಾತಲ್ಲ ಅದು.

ಬರೆದುಕೊಡಿ ಎಂದರು. ಹತ್ತನೆಯ ತರಗತಿಯಲ್ಲಿ ಪ್ರಬಂಧಕ್ಕೆ ಬಹುಮಾನ ತಗೊಂಡವಳು, ಒಂದು ಪುಟ ಬರೆಯಲು ಮೂರು ಹಾಳೆ ಹರಿದೆ. ಕೊನೆಗೆ ಅವರು ಹೇಳಿದ್ದು ಇಷ್ಟು: ಡ್ರೈವರನಿಗೆ ಎಚ್ಚರಿಕೆ. ನನ್ನ ಮೊಮ್ಮಗನಿಗೆ ಒಂದು ತಿಂಗಳು ಬಸ್ಸಿಲ್ಲ, ನಾನೇ ನಡೆಸಿಕೊಂಡು ಹೋಗಿ ಬರಬೇಕು. ನಿನ್ನ ಕೈ ಕೂಡಿದ ದಿನ ಕೆಲಸ ನಿನ್ನದೇ. ಅವರ ಪತ್ರ ನಾಳೆ ಬರುತ್ತದೆ. ಅದಕ್ಕಿಂತ ಮುಂಚೆ ನನ್ನದು ನಿನ್ನ ಕೈ ಸೇರಲಿ ಎಂದು ಅವಸರದಲ್ಲಿ ಬರೆಯುತ್ತಿದ್ದೇನೆ.

ನಿನಗೆ ನಾನು ಕೃತಜ್ಞಳು. ಮೊಮ್ಮಗನನ್ನು ಉಳಿಸಿದ್ದಕ್ಕಲ್ಲ, ಅವನು ಆಗ ನಮ್ಮ ಅಡುಗೆಮನೆಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದ. ಅವನಿಗಾಗಿ ಹೋದೆಯಲ್ಲ, ಅದಕ್ಕೆ. ನಾಲ್ಕು ವರ್ಷ ತನ್ನ ಮುಖ ನೋಡದವಳ ಮೊಮ್ಮಗ ಎಂದು ನಿನ್ನ ಕಾಲು ಅರೆಗಳಿಗೆಯೂ ತಡೆಯಲಿಲ್ಲವಲ್ಲ, ಅದಕ್ಕೆ. ಆ ಹದಿಮೂರು ಮಕ್ಕಳ ತಾಯಂದಿರು ಇವತ್ತು ಯಾವ ಚಿಂತೆಯೂ ಇಲ್ಲದೆ ಬಟ್ಟೆ ಒಣಹಾಕುತ್ತಿದ್ದಾರೆ. ಅದೂ ನಿನ್ನಿಂದಲೇ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಬಾಗಿಲು ತೆಗೆದಾಗ ನನಗೆ ಏನೂ ತೋಚದೆ ‘ಬಿಸಿಲು ಜಾಸ್ತಿ’ ಎನ್ನಬಹುದು. ಮೋಡ ಕವಿದಿದ್ದರೂ ನೀನು ‘ಹೌದಕ್ಕಾ’ ಎನ್ನು. ಆಮೇಲಿನದು ತಾನಾಗಿ ಬರುತ್ತದೆ.

ಇಂತಿ,
ನಿನ್ನ ಅಕ್ಕ

ಮಡಿಸುವ ಮುಂಚೆ ಇನ್ನೊಂದು. ನಿನ್ನೆ ರಾತ್ರಿ ಮೊಮ್ಮಗನಿಗೂ ನಿಜ ಹೇಳಿದೆ, ಬಸ್ಸಜ್ಜಿ ನಿನ್ನನ್ನೇ ಹುಡುಕೋಕೆ ಹೊಗೆಯೊಳಗೆ ಹೋಗಿದ್ದು ಎಂದು. ‘ಎಲ್ಲಿ ಹುಡುಕಿದ್ರು?’ ಎಂದ. ಸೀಟುಗಳ ಕೆಳಗೆ ಎಂದೆ. ‘ಕೊನೇ ಸೀಟಿನ ಕೆಳಗೂನಾ?’ ಹೂಂ ಎಂದೆ. ಹಾಸಿಗೆಯಲ್ಲಿ ಎದ್ದು ಕೂತು, ‘ಭಯ ಆದ್ರೆ ನಾನು ಅಲ್ಲೇ ಬಚ್ಚಿಟ್ಕೊಳ್ಳೋದು. ಯಾರಿಗೂ ಹೇಳೇ ಇಲ್ಲ, ಅವರಿಗೆ ಹೇಗೆ ಗೊತ್ತಾಯ್ತಜ್ಜಿ?’ ಎಂದ.